ನಗಬೇಡಿ, ಗಲ್ಲ ಸ್ವಲ್ಪ ಕೆಳಗೆ

ಮಾರ್ಚ್ ೧೨, ಭಾನುವಾರ ಸಂಜೆ. ಸ್ಟುಡಿಯೋ ಕಾಯಂ ಆಗಿ ಮುಚ್ಚಿದ ಮೇಲೆ ಬರೆಯುತ್ತಿರುವ ಮೊದಲ ಪತ್ರ.

ಮಗಳೇ,

ನಿನ್ನ ಕಾಗದ ತಲುಪಿತು. "ಈ ವಯಸ್ಸಲ್ಲಿ ಬೀದಿ ಅಲೆಯೋದು ಬೇಕಾ ಅಪ್ಪಾ? ಕ್ಯಾಮೆರಾ ಮಾರಿ ಮನೇಲಿ ಕೂತ್ಕೊ" ಎಂದಿದ್ದೀಯ. ಅಳಿಯಂದಿರು ಗಿರಾಕಿಯನ್ನೂ ಗೊತ್ತುಮಾಡಿದ್ದಾರೆ. ಆತ ನಾಳೆ ಬೆಳಿಗ್ಗೆ ಬರುತ್ತಾನೆ.

ಜೀವಮಾನವೆಲ್ಲ ಪಾಸ್‌ಪೋರ್ಟ್ ಫೋಟೋ ತೆಗೆದವನ ಚಾಳಿ ಸುಲಭಕ್ಕೆ ಬಿಡುವುದಿಲ್ಲ. ನಿನ್ನೆ ಮಾರುಕಟ್ಟೆಯಲ್ಲಿ ಮೀನು ಮಾರುವಾಕೆ ಬಾಯಿತುಂಬ ನಗುತ್ತಿದ್ದಳು. ಕ್ಯಾಮೆರಾ ಎತ್ತಿದವನೇ, "ನಗಬೇಡಿ, ಗಲ್ಲ ಸ್ವಲ್ಪ ಕೆಳಗೆ" ಎಂದುಬಿಟ್ಟೆ.

"ಯಾಕಜ್ಜಾ, ನನ್ನ ಮೀನಿಗೂ ಪಾಸ್‌ಪೋರ್ಟ್ ಮಾಡಿಸ್ತೀಯಾ?" ಎಂದಳು. ಅಂಗಡಿಸಾಲೆಲ್ಲ ಗೊಳ್ಳೆಂದಿತು. ನನಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಗುಂಡಿ ಒತ್ತಿದೆ. ಕೈ ಅಲುಗಿ ಚಿತ್ರ ತುಸು ಮಸುಕಾಗಿದೆ. ಆದರೂ ಇಷ್ಟು ವರ್ಷಗಳಲ್ಲಿ ನಾನು ಹಿಡಿದ ಮೊದಲ ನಗು ಅದು. ಇದರೊಂದಿಗೆ ಇಟ್ಟಿದ್ದೇನೆ, ಅಳಿಯಂದಿರಿಗೂ ತೋರಿಸು.

ಮೊಣಕಾಲಿಗೆ ಹಾಕುವ ಪಟ್ಟಿ ನಿಮ್ಮಲ್ಲಿ ಸಿಕ್ಕರೆ ಒಂದು ಕಳಿಸು. ಮೆತ್ತನೆಯ ಅಟ್ಟೆಯ ಚಪ್ಪಲಿಯೂ ಬೇಕು.

ನಾಳೆ ಆ ಗಿರಾಕಿ ಬಂದಾಗ ಮನೆಗೆ ಬೀಗ ಇರುತ್ತದೆ. ನಾನು ಕ್ಯಾಮೆರಾ ಹಿಡಿದು ಬಸ್ ನಿಲ್ದಾಣಕ್ಕೆ ಹೋಗುವವನಿದ್ದೇನೆ. ಅಲ್ಲಿ ಒಬ್ಬರೂ ನಿಂತಲ್ಲಿ ನಿಲ್ಲುವುದಿಲ್ಲ.

ನಿನ್ನ
ಅಪ್ಪ