ಬಾಯಿಗೆ ಬಾರದ ಮನೆಮಾತು

ನಾಟಿಂಗ್‌ಹ್ಯಾಮ್
೨೩ ನವೆಂಬರ್ ೨೦೧೪

ಪ್ರೀತಿಯ ಅವ್ವಾ,

ನಾನು ಆರಾಮಾಗಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಅಪ್ಪನ ಕೆಮ್ಮು? ಬರೆಯದೆ ತಿಂಗಳಾಯಿತು, ಬೈಯಬೇಡ. ಫೋನಿನಲ್ಲಿ ಹೇಳಲಾಗದ್ದು ಒಂದಿತ್ತು. ಬರೆಯಲು ಕೂತರೂ ಕೈ ಓಡಲಿಲ್ಲ. ಇಲ್ಲೀಗ ನಾಲ್ಕಕ್ಕೇ ಕತ್ತಲು. ಟ್ರಾಮಿನಲ್ಲಿ ಎಲ್ಲರೂ ಕಿಟಕಿಯಲ್ಲಿ ತಂತಮ್ಮ ಮುಖ ನೋಡಿಕೊಂಡು ಕೂತಿರುತ್ತಾರೆ.

ನಮ್ಮ ಬಾಡಿಗೆ ಮನೆಯಲ್ಲಿ ಲೋರೀನ್ ಎಂಬವಳಿದ್ದಾಳೆ. ಅಮೆರಿಕದ ಮೂಲನಿವಾಸಿ, ನವಾಹೊ ಜನಾಂಗದವಳು. ನನ್ನ ಜೊತೆಯೇ ಓದುತ್ತಾಳೆ. ಹೋದ ಭಾನುವಾರ ನಾನು ರೊಟ್ಟಿ ಬಡಿಯುವ ಸದ್ದು ಕೇಳಿ ಅಡುಗೆಮನೆಗೆ ಬಂದಳು. “ನಮ್ಮಜ್ಜಿಯೂ ಹೀಗೇ ಕೈಯಲ್ಲೇ ತಟ್ಟುತ್ತಾಳೆ” ಎಂದು ಅಜ್ಜಿಯ ಕಥೆ ತೆಗೆದಳು. ಆರು ವರ್ಷದವಳನ್ನು ಸರ್ಕಾರದವರು ದೂರದ ಹಾಸ್ಟೆಲ್ ಶಾಲೆಗೆ ಒಯ್ದರಂತೆ. ಹೋದ ದಿನವೇ ಜಡೆ ಕತ್ತರಿಸಿದರು. ಮನೆಮಾತು ಆಡಿದಾಗಲೆಲ್ಲ ಬಾಯಿಗೆ ಸೋಪು ತುರುಕಿದರು. ಮುಂದೆ ತನ್ನ ಮಕ್ಕಳೊಂದಿಗೂ ಅವಳು ಆ ಮಾತು ಆಡಲಿಲ್ಲ.

ನಾನು ಹಿಟ್ಟು ಬಿಟ್ಟು ಕೂತೆ. ನಿನ್ನ ಹಡೆದವ್ವನ, ನಮ್ಮ ಆಯಿಯ ಸಂಗತಿ ಹೇಳಿದೆ. ನಮ್ಮ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ಹೆಸರಿಟ್ಟ ಬ್ರಿಟಿಷರ ಕಾನೂನು, ಅವರನ್ನು ಕೂಡಿಹಾಕಿದ್ದ ಹುಬ್ಬಳ್ಳಿ ಸೆಟ್ಲಮೆಂಟಿನ ತಂತಿಬೇಲಿ, ದಿನಾ ಪೊಲೀಸರೆದುರು ಹಾಜರಿ. ಅವರ ದೇಶದಲ್ಲೇ ಕೂತು ಇದನ್ನು ಹೇಳುತ್ತಿದ್ದೇನೆ ಎಂದು ಆಗ ಹೊಳೆಯಿತು. ನಿನ್ನ ಮಾತನ್ನೂ ಹೇಳಿದೆ: “ಮನಿ ಮಾತು ಮನ್ಯಾಗೂ ಬ್ಯಾಡ. ಯಾರರ ಕೇಳಿಸಿಕೊಂಡ್ರ ಕಳ್ಳರ ಪೈಕಿ ಅಂತಾರ.”

ಲೋರೀನ್ ಅಯ್ಯೋ ಅನ್ನದೆ ತಮ್ಮ ಮನೆಯ ಇನ್ನೊಂದು ಸಂಗತಿ ಹೇಳಿದಳು. ಅವರಲ್ಲಿ ಕೂಸನ್ನು ಮೊದಲ ಸಲ ನಗಿಸಿದವರು ಎಲ್ಲರಿಗೂ ಊಟ ಹಾಕಿಸಿ, ಕೂಸಿನ ಕೈಯಿಂದ ಉಪ್ಪು ಕೊಡಿಸಬೇಕಂತೆ. ಅವಳ ಅಕ್ಕನ ಮಗು ಈ ಅಜ್ಜಿಯ ಮುಖ ನೋಡಿಯೇ ನಕ್ಕಿತಂತೆ. ಊಟದ ದಿನ ಅಜ್ಜಿ ಎಲ್ಲರೆದುರು ಮಗುವಿನೊಡನೆ ಮನೆಮಾತಿನಲ್ಲಿ ಮಾತಾಡಿಬಿಟ್ಟಳು. ಲೋರೀನಳ ತಾಯಿ ಐವತ್ತು ದಾಟಿದವಳು. ಈಗ ಮೊಮ್ಮಗುವಿನ ಜೊತೆ ಕೂತು ಅದನ್ನು ಕಲಿಯುತ್ತಿದ್ದಾಳೆ. “ನೋವೇನೂ ಹೋಗಿಲ್ಲ. ಅಮ್ಮ ತಪ್ಪುತಪ್ಪಾಗಿ ಮಾತಾಡುತ್ತಾಳೆ, ಅಜ್ಜಿ ತಿದ್ದುತ್ತಾಳೆ” ಎಂದಳು.

ನಿನ್ನನ್ನು ದೂರುತ್ತಿಲ್ಲವ್ವಾ. ನನ್ನನ್ನು ಓದಿಸಿ ಇಲ್ಲಿಯವರೆಗೆ ಕಳಿಸಿದ್ದು ನಿನ್ನ ಆ ಹೆದರಿಕೆಯೇ. ಬೆಚ್ಚಗಿರು, ಮಾತ್ರೆ ಬಿಡಬೇಡ. ಅಪ್ಪನಿಗೆ ನನ್ನ ನಮಸ್ಕಾರ. ನಿಮ್ಮಿಬ್ಬರ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗಳು,
ಹಂಸಾ

ತಾ.ಕ.: ಹೋದ ವರ್ಷ ಆಯಿ ತೀರಿಕೊಳ್ಳುವ ಹಿಂದಿನ ದಿನ ನನ್ನ ಕೈ ಹಿಡಿದು ಮನೆಮಾತಿನಲ್ಲಿ ಏನೋ ಕೇಳಿದಳು. ಮತ್ತೊಮ್ಮೆ ಕೇಳಿದಳು. ಅರ್ಥ ತಿಳಿಯದೆ “ಹೂಂ ಆಯಿ” ಅಂದೆ. ಅವಳು ಕೈ ಬಿಟ್ಟು ಗೋಡೆಯ ಕಡೆ ಹೊರಳಿದಳು. ನೀನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದೆ. ಬಾಯಿಗೆ ಸೆರಗು ಒತ್ತಿಕೊಂಡು ನೀನು ಅಡುಗೆಮನೆಗೆ ಹೋದೆ. ಅವ್ವಾ, ನಾನು ಹೂಂ ಅಂದದ್ದು ಯಾವುದಕ್ಕೆ?