ಕೆಂಪು ಕಾರಿಗೆ ತೊಂಬತ್ತರ ಎಣ್ಣೆ

ಕನಕಪುರ,
೨೬ ಸೆಪ್ಟೆಂಬರ್ ೧೯೯೪, ಸೋಮವಾರ

ಪ್ರೀತಿಯ ತಮ್ಮ ಕೆಂಚನಿಗೆ,

ನಿನ್ನ ಅಣ್ಣ ಹನುಮಂತಯ್ಯ ಬರೆಯುತ್ತಿದ್ದೇನೆ. ಅಕ್ಷರ ನೋಡಿದ ಕೂಡಲೇ ಹರಿದು ಎಸೆಯಬೇಡ, ಕೊನೆಯವರೆಗೂ ಓದು. ನಿನ್ನ ಬೆನ್ನುನೋವು ಹೇಗಿದೆ? ಹೊಸಪೇಟೆಯ ಬಿಸಿಲು ಒಗ್ಗಿತೇ? ಲಾರಿ ಗ್ಯಾರೇಜಿನವರು ನಿನ್ನ ಕೈಯ ಬೆಲೆ ತಿಳಿದು ನಡೆಸಿಕೊಳ್ಳುತ್ತಾರೆಯೇ? ಮುನಿರತ್ನಮ್ಮನಿಗೂ ಮಗುವಿಗೂ ಆರೋಗ್ಯ ತಾನೆ? ಮಗು ಎಂದು ಬರೆದೆ, ಆದರೆ ಅವಳಿಗೀಗ ಎಂಟು ವರ್ಷ. ಹೆಸರೇನೆಂದು ನಿನ್ನ ಅತ್ತಿಗೆ ಕಾವೇರಮ್ಮ ಮೊನ್ನೆ ಕೇಳಿದಳು, ನನಗೆ ಗೊತ್ತಿರಲಿಲ್ಲ. ಒಡಹುಟ್ಟಿದವನ ಮಗಳ ಹೆಸರು ತಿಳಿಯದ ದೊಡ್ಡಪ್ಪ ನಾನು.

ಇಲ್ಲಿ ನಾವು ಇದ್ದೇವೆ, ಅಷ್ಟೆ. ನನಗೆ ಸಕ್ಕರೆ ಕಾಯಿಲೆ ಬಂದಿದೆ, ಬಲಗಿವಿ ಮಂದವಾಗಿದೆ. ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ ಸದ್ದು ಕೇಳಿ ಯಾವ ಗೇರಿಗೆ ಯಾವ ರೋಗ ಎಂದು ಹೇಳುತ್ತಿದ್ದವನಿಗೆ ಈಗ ಊಟಕ್ಕೆ ಕರೆದದ್ದೂ ಕೇಳಿಸುವುದಿಲ್ಲ. ಕಾವೇರಮ್ಮ ಮಾತ್ರ, ಬೈದದ್ದೆಲ್ಲ ಚೆನ್ನಾಗಿಯೇ ಕೇಳಿಸುತ್ತದೆ ಎನ್ನುತ್ತಾಳೆ. ಷೆಡ್ಡಿನಲ್ಲಿ ಎರಡು ಗಾಡಿ ನಿಂತರೆ ಹೆಚ್ಚು. ಹೋದ ವರ್ಷ ಅವ್ವನ ಮಣ್ಣಿಗೆ ಬಂದ ನೀನು ಮೂರು ಹಿಡಿ ಮಣ್ಣು ಹಾಕಿ, ಹೊಸಿಲು ತುಳಿಯದೆ, ಒಂದು ಲೋಟ ನೀರೂ ಕುಡಿಯದೆ ಬಸ್ಸು ಹತ್ತಿದೆ. ನಾನು ಕರೆಯಲಿಲ್ಲ. ಕರೆಯುವ ಮುಖ ನನಗಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಆ ಕೆಂಪು ಕಾರು ಮತ್ತೆ ಬಂದಿದೆ. ಕಲ್ಲು ಕ್ವಾರಿಯ ವೆಂಕಟಯ್ಯನವರು ಯಾರೋ ದೊರೆಯ ಕೈಯಿಂದ ಕೊಂಡು ತಂದಿದ್ದರಲ್ಲ, ಇಂಗ್ಲೆಂಡಿನ ಎರಡು ಸೀಟಿನ ಕಾರು, ಅದೇ. ನಮ್ಮಿಬ್ಬರ ಮಾತು ನಿಂತದ್ದು ಯಾವುದರಿಂದಲೋ ಅದೇ. ವೆಂಕಟಯ್ಯನವರು ತೀರಿಕೊಂಡರು. ಎಂಟು ವರ್ಷದಿಂದ ಟಾರ್ಪಾಲು ಹೊದ್ದು ಮಲಗಿದ್ದ ಕಾರನ್ನು ಅವರ ಮಗಳು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆತಂದು ನಿಲ್ಲಿಸಿದಳು. ಅಪ್ಪ ಓಡಿಸುತ್ತಿದ್ದ ಮರಳವಾಡಿ ರಸ್ತೆಯಲ್ಲಿ ಒಮ್ಮೆಯಾದರೂ ಓಡಿಸಬೇಕಂತೆ. ಬೇರೆ ಕಡೆ ಹೋಗಮ್ಮ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು, ಆಗಲಿಲ್ಲ.

ನಮ್ಮ ಅಪ್ಪನ ಕಾಲದಿಂದಲೂ ಗೇರ್ ಬಾಕ್ಸ್ ಎಂದರೆ ತೊಂಬತ್ತು ನಂಬರಿನ ದಪ್ಪ ಎಣ್ಣೆ, ಎರಡನೆಯ ಮಾತಿಲ್ಲ. ನೀನೊಬ್ಬ ಆ ಕಾರಿನ ಇಂಗ್ಲಿಷ್ ಪುಸ್ತಕವನ್ನು ಹೈಸ್ಕೂಲ್ ಮೇಷ್ಟರ ಹತ್ತಿರ ಓದಿಸಿಕೊಂಡು ಬಂದು, “ಅಣ್ಣ, ಇದರ ಗೇರ್ ಬಾಕ್ಸ್‌ಗೆ ಎಂಜಿನ್ ಆಯಿಲ್ಲೇ ಹಾಕ್ಬೇಕಂತೆ. ತೊಂಬತ್ತು ಹಾಕುದ್ರೆ ಒಳಗಿರೋ ಹಿತ್ತಾಳೆ ರಿಂಗ್ನೆಲ್ಲಾ ತಿಂದಾಕ್ಬುಡ್ತದೆ” ಎಂದೆ. ನಾನು ನಕ್ಕು, “ಎಲ್ಲಾ ಮಕ್ಳೂ ಹಾಲೇ ಕುಡಿಯೋದು ಕಣ್ಲಾ, ಇದಕ್ಕೇನು ಕಾಫಿ ಬೇಕಾ?” ಎಂದು ಬಾಯಿ ಮುಚ್ಚಿಸಿದೆ. ಆದರೂ ನೀನು ಎಂಜಿನ್ ಆಯಿಲ್ಲೇ ಹಾಕಿದೆ, ಕಾರೂ ಬೆಣ್ಣೆಯಲ್ಲಿ ಕೈಯಾಡಿದ ಹಾಗೆ ಗೇರು ಬದಲಿಸುತ್ತಿತ್ತು. ಅದನ್ನು ಆಗಲೇ ಒಪ್ಪಿಕೊಂಡಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಆ ವರ್ಷದ ಮಾರ್ನಮಿಗೆ ನೀನು ಊರಲ್ಲಿರಲಿಲ್ಲ, ಹೆರಿಗೆಗೆಂದು ಮುನಿರತ್ನಮ್ಮನ ತವರಿಗೆ ಹೋಗಿದ್ದೆ. ನಮ್ಮ ಷೆಡ್ಡಿನ ಪದ್ಧತಿ ನಿನಗೆ ಗೊತ್ತು. ಆಯುಧಪೂಜೆಯ ಹಿಂದಿನ ದಿನ ನಿಂತಿರುವ ಗಾಡಿಗಳಿಗೆಲ್ಲ ಹಳೆಯ ಎಣ್ಣೆ ಇಳಿಸಿ, ಕುಂಕುಮವಿಟ್ಟ ಡಬ್ಬದಿಂದ ಮೊದಲ ಎಣ್ಣೆಯನ್ನು ಮನೆಯ ಹಿರಿಯನೇ ಹಾಕಬೇಕು. ಆ ಡಬ್ಬದಲ್ಲಿದ್ದದ್ದು ತೊಂಬತ್ತು. ಎಲ್ಲ ಗಾಡಿಗೂ ಹಾಕಿದ ಹಾಗೆ ಕೆಂಪು ಕಾರಿಗೂ ಹಾಕಿದೆ. ಆರು ತಿಂಗಳಿಗೆ ಎರಡನೆಯ ಗೇರು ಕರಕರ ಎಂದು ಅಳಲು ಶುರು ಮಾಡಿತು, ಕೊನೆಗೆ ನೆಂಟರ ಎದುರಿಗೇ ವೆಂಕಟಯ್ಯನವರನ್ನು ನಡುರಸ್ತೆಯಲ್ಲಿ ನಿಲ್ಲಿಸಿತು. ಕಾರನ್ನು ಮನೆಗೆ ಎಳೆಸಿ ಹಾಕಿ ಅವರೊಬ್ಬರೇ ಷೆಡ್ಡಿಗೆ ಬಂದು ಕೂಗಾಡಿದಾಗ ನೀನು, “ನಾನು ಚೀಟಿ ಕಟ್ಟಿದ್ದೆ ಅಣ್ಣ, ಎಣ್ಣೆ ಹಾಕೋ ನಟ್ಟಿಗೇ ಕಟ್ಟಿದ್ದೆ. ತೊಂಬತ್ತು ಬ್ಯಾಡ ಅಂತ ತಗಡಲ್ಲಿ ಕೊರ್ದಿದ್ದೆ” ಎಂದೆ. “ಯಾವ ಚೀಟೀಲಾ? ನಾನು ನೋಡ್ನೇ ಇಲ್ವಲ್ಲ” ಎಂದೆ ನಾನು. ಅಲ್ಲಿಗೆ ತಪ್ಪೆಲ್ಲ ನಿನ್ನ ತಲೆಗೆ ಬಂತು. ಹೇಳದೆ ಹೋದದ್ದಲ್ಲದೆ ಚೀಟಿಯ ಕತೆ ಕಟ್ಟಿದ ಎಂದು ಊರವರು ನಿನ್ನನ್ನು ಚೀಟಿ ಕೆಂಚ ಎಂದು ಕರೆದರು, ಕಾಫಿ ಹೋಟೆಲಿನಲ್ಲೂ ಬಿಡಲಿಲ್ಲ. ಮೂರೇ ತಿಂಗಳಿಗೆ ನೀನು ಹೆಂಡತಿ ಮಗುವನ್ನು ಕಟ್ಟಿಕೊಂಡು ಊರು ಬಿಟ್ಟೆ.

ಹೋದ ಗುರುವಾರ ಹೊಸ ಬ್ಯಾಟರಿ ಹಾಕಿ, ಹೇಗೋ ಎಂಜಿನ್ ಎಬ್ಬಿಸಿ ಕಾಲು ಗಂಟೆ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ಕಾರಿನಡಿಗೆ ನುಗ್ಗಿದೆ. ಹಾಕುವ ನಟ್ಟು ಬಿಚ್ಚುತ್ತದೆಯೇ ಎಂದು ನೋಡದೆ ಇಳಿಸುವ ನಟ್ಟಿಗೆ ಕೈ ಹಾಕಬಾರದು ಎಂದು ನಿನಗೆ ಕಲಿಸಿದವನು ನಾನೇ, ಹಾಗೆಯೇ ಮಾಡಿದೆ. ಎಣ್ಣೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತ ಕಪ್ಪಗೆ ಇಳಿಯಿತು. ತಟ್ಟೆಯನ್ನು ಬಿಸಿಲಿಗೆ ಹಿಡಿದರೆ ಒಳಗೆಲ್ಲ ಹಳದಿ ಮಿಂಚು. ಬೆರಳಲ್ಲಿ ಉಜ್ಜಿದೆ, ರಾಗಿ ಹಿಟ್ಟಿನಷ್ಟು ನುಣ್ಣಗಿನ ಹಿತ್ತಾಳೆ. ನೀನು ಹೇಳಿದ್ದ ಮಾತು ಅಕ್ಷರಕ್ಕೆ ಅಕ್ಷರ ಆ ತಟ್ಟೆಯಲ್ಲಿತ್ತು.

ಲೇತ್ ಕೆಲಸದ ಬಾಬಾಜಾನ್ ಟೀ ಕುಡಿಯುತ್ತ ಅಲ್ಲೇ ಕೂತಿದ್ದ. ಹಾಕುವ ನಟ್ಟಿಗೆ ಮೆತ್ತಿದ್ದ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಟ್ಟವನೂ ಅವನೇ. “ಲೇ ಹನುಮಂತು, ಇಲ್ನೋಡು. ನಟ್ಟಿನ ಕತ್ತಲ್ಲಿ ತಂತಿ ಸುತ್ತೈತೆ. ನಿನ್ ತಮ್ಮ ಚೀಟಿ ಕಟ್ಟಿದ್ದು ದಿಟ ಕಣ್ಲಾ” ಎಂದ. ತಂತಿಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ, ನನ್ನ ಮುಖ ನೋಡಿದ, ಅರ್ಧ ಟೀ ಬಿಟ್ಟು ಎದ್ದು ಹೋದ. ದಾರಿಯ ಕುಲುಕಾಟಕ್ಕೆ ತಂತಿ ಸವೆದು ಚೀಟಿ ಎಲ್ಲೋ ಬಿದ್ದುಹೋಗಿರಬೇಕು. ನಿನ್ನದೂ ತಪ್ಪಲ್ಲ, ನನ್ನದೂ ತಪ್ಪಲ್ಲ, ನಮ್ಮ ಗ್ರಹಚಾರ.

ಎರಡು ಸಲ ತೆಳು ಎಣ್ಣೆ ಹಾಕಿ ತೊಳೆದು, ಮೂರನೆಯ ಸಲ ನೀನು ಹೇಳಿದ್ದ ಎಂಜಿನ್ ಆಯಿಲ್ಲನ್ನೇ ತುಂಬಿದೆ. ಮರಳವಾಡಿಯವರೆಗೆ ಓಡಿಸಿಕೊಂಡು ಬಂದೆ. ಮೂರು, ನಾಲ್ಕು ಸಲೀಸು. ಎರಡನೆಯ ಗೇರು ಮಾತ್ರ ಈಗಲೂ ಅಳುತ್ತದೆ, ನನ್ನ ಮಂದ ಕಿವಿಗೂ ಕೇಳಿಸುವಷ್ಟು. ಒಳ್ಳೆಯ ಎಣ್ಣೆ ಹಾಕಿದರೆ ಇನ್ನು ಸವೆಯುವುದು ನಿಲ್ಲಬಹುದು, ಸವೆದುಹೋದದ್ದು ಬರುವುದಿಲ್ಲ. ಆ ಹುಡುಗಿಗೆ ಇದನ್ನೇ ಹೇಳಿದೆ. ಹೇಳಿ, ಮುಖ ತಿರುಗಿಸಿ ಒರೆಸಿದ್ದ ಬಾನೆಟ್ಟನ್ನೇ ಮತ್ತೆ ಒರೆಸಿದೆ, ಅವಳು ತನ್ನ ಅಪ್ಪನ ನೆನಪಿಗೆ ಎಂದುಕೊಂಡಳು.

ಇನ್ನು ಎರಡು ವಾರ ಕಳೆದರೆ ಮಾರ್ನಮಿ. ಅದಕ್ಕೂ ಮೊದಲು ಬರುವ ಅಮಾವಾಸ್ಯೆಗೆ ಅವ್ವನಿಗೆ ಎಡೆ ಇಡಬೇಕು, ನೀನಿಲ್ಲದೆ ಇಟ್ಟ ಎಡೆಯನ್ನು ಅವ್ವ ಮುಟ್ಟುತ್ತಾಳೆಂದು ನನಗೆ ನಂಬಿಕೆಯಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಬಾ. ಈ ಸಲ ಮೊದಲ ಎಣ್ಣೆಯನ್ನು ನೀನೇ ಹಾಕು. ಹಿರಿಯನ ಕೈಯಿಂದ ಆದದ್ದು ಸಾಕು.

ಮುನಿರತ್ನಮ್ಮನಿಗೂ, ಹೆಸರು ತಿಳಿಯದ ನನ್ನ ಮಗಳಿಗೂ ಮನೆದೇವರ ಕಾಪು ಇರಲಿ. ನಿನ್ನ ಅತ್ತಿಗೆ ಹುರಿಗಾಳು ಕಟ್ಟಿಡುತ್ತೇನೆಂದು ಹೇಳಲು ಹೇಳಿದ್ದಾಳೆ.

ನಿನ್ನ ಅಣ್ಣ,
ಹನುಮಂತಯ್ಯ

ಮತ್ತೆ: ಕವರಿಗೆ ಅಂಟು ಹಚ್ಚಲು ಕೈ ಬರಲಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ತಂತಿ ಸವೆದಿರಲಿಲ್ಲ. ಸವೆದ ತಂತಿಯ ತುದಿ ಚೂಪಾಗಿರುತ್ತದೆ, ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದ್ದು ಚಪ್ಪಟೆ. ಬಾಬಾಜಾನ್ ನೋಡಿದ್ದು ಅದನ್ನೇ. ಆವತ್ತು ನಿನ್ನ ಚೀಟಿ ಓದಿದೆ ಕೆಂಚ. ತಮ್ಮನ ಚೀಟಿ ನೋಡಿಕೊಂಡು ಅಣ್ಣ ಎಣ್ಣೆ ಹಾಕಬೇಕೇ ಎಂದು ಹೊಟ್ಟೆ ಉರಿಯಿತು, ಕತ್ತರಿಸಿದೆ. ಎಸೆಯಲೂ ಆಗಲಿಲ್ಲ, ಇಷ್ಟೂ ವರ್ಷ ನನ್ನ ಸ್ಪಾನರ್ ಪೆಟ್ಟಿಗೆಯ ತಳದಲ್ಲಿತ್ತು. ಅವ್ವ ಹೋಗುವ ಹಿಂದಿನ ದಿನವೂ “ನನ್ ಕೆಂಚ ಯಾಕ್ಲಾ ಅಂಗೆ ಸುಳ್ಳಾಡ್ದ?” ಎಂದು ಕೇಳಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಚೀಟಿಯನ್ನು ಈ ಕವರಿನಲ್ಲೇ ಇಟ್ಟಿದ್ದೇನೆ, ತಗಡಿನ ಅಂಚು ಚೂಪಾಗಿದೆ, ತೆಗೆಯುವಾಗ ಕೈ ಜೋಪಾನ. ಇದನ್ನು ನೋಡಿದ ಮೇಲೂ ಬರುವ ಮನಸ್ಸಾದರೆ ಬಾ. ನೀನು ಬಾರದಿದ್ದರೆ ಈ ವರ್ಷ ಡಬ್ಬಕ್ಕೆ ಕುಂಕುಮ ಇಡುವುದಿಲ್ಲ.