ಕಬ್ಬಿನ ಕಣ್ಣು ಒತ್ತಿ ನೋಡುವ ಬೆರಳು

ಅಪ್ಪಾ,

ನೀನು ಸತ್ತು ಹೋದರೂ ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ನಿನ್ನ ಮಗ ಶಿವಗೊಂಡ ಟೆಂಪೋ ತಂದು ನನ್ನ ಅಂಗಳದಲ್ಲಿ ನಿಲ್ಲಿಸಿದ. ದತ್ತವಾಡದ ಹೊಲಕ್ಕೆ ಕಬ್ಬಿನ ಸಸಿ ಬೇಕಂತೆ. ಹೆಣ್ಣುಮಗಳಿಗೆ ಹೊಲ ಯಾಕೆ ಎಂದು ನನ್ನ ಹಕ್ಕು ಬಿಡಿಸಿ ಸಹಿ ಹಾಕಿಸಿಕೊಂಡೆಯಲ್ಲ, ಅದೇ ಹೊಲಕ್ಕೆ.

ಗಂಡನ ಮನೆಯ ಹಿತ್ತಲಿನ ಐದು ಗುಂಟೆಯಲ್ಲಿ ನಾನು ಸಸಿ ಬೆಳೆಸುತ್ತೇನೆ. ಮೇಲಿನ ನೆರಳಿನ ಪರದೆ, ಟ್ರೇ ಎಲ್ಲ ಹೆಂಗಸರ ಉಳಿತಾಯ ಸಂಘ, ನಮ್ಮ ಬಚತ್ ಗಟದ ಸಾಲದಿಂದ ಬಂದವು. ಹೊಲದ ಕಾಗದವನ್ನು ಯಾರೂ ಕೇಳಲಿಲ್ಲ. ಗಟದವರೇ ನನಗೆ ಜಾಮೀನು ನಿಂತರು. ನೀನು ಯಾವತ್ತೂ ನಿಲ್ಲಲಿಲ್ಲ.

“ತಮ್ಮ ಅಂತ ಸ್ವಲ್ಪ ಕಮ್ಮಿ ಮಾಡ, ಅಕ್ಕಾ,” ಅಂದ ಶಿವಗೊಂಡ.

“ಊರಿಗೆಲ್ಲಾ ಒಂದ ರೇಟ ಐತಿ. ನಿನಗೇನ ಬ್ಯಾರೆ?”

ಸಸಿ ತುಂಬಿಸಿಕೊಂಡ. ನಾನು ಹೊಸ ಟ್ರೇಗಳಿಗೆ ಕಬ್ಬಿನ ಕಣ್ಣು, ಗೆಣ್ಣಿನಲ್ಲಿ ಮೊಳಕೆ ಒಡೆಯುವ ಮೊಗ್ಗು, ಆರಿಸಲು ಕೂತೆ. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದ್ದುದನ್ನು ಎಸೆಯುತ್ತಿದ್ದೆ. ಅವನು ನೋಡುತ್ತ ನಿಂತ.

“ಅಪ್ಪಾನೂ ಹಿಂಗ ಒತ್ತಿ ನೋಡತಿದ್ದ. ನನಗ ಕಲಿಸಲೇ ಇಲ್ಲ. ನಿನಗ ಯಾವಾಗ ಕಲಿಸಿದಾ?”

“ಅಂವ ಏನ ಕಲಿಸ್ತಾನ? ಗಟದ ಟ್ರೇನಿಂಗದಾಗ ಕಲತೇನಿ,” ಅಂದೆ.

ಟೆಂಪೋ ಹೋಯಿತು. ನಿನ್ನ ರೀತಿಯೇ ಬೇಡವೆಂದು ತೋರುಬೆರಳಿನಿಂದ ಒತ್ತಿ ನೋಡಿದೆ. ಗಟ್ಟಿ ಯಾವುದು, ಮೆತ್ತಗಿನದು ಯಾವುದು, ಒಂದೂ ತಿಳಿಯಲಿಲ್ಲ. ನಿನ್ನನ್ನು ಬೈಯುತ್ತ ಮತ್ತೆ ಹೆಬ್ಬೆರಳನ್ನೇ ಇಟ್ಟೆ.